ಮಗಳಿಗೊಂದು ಪತ್ರ: ಈಗಲೇ ಆಟಕ್ಕೆ ಇಳಿಯಬೇಡ

ಪುಟ್ಟೀ,

ಜ್ವರ ಬಿಟ್ಟಿದೆ, ಗಂಟಲೂ ಪರವಾಗಿಲ್ಲ, ಮುಂದಿನ ವಾರ ಫುಟ್‌ಬಾಲ್‌ಗೆ ಹೋಗುತ್ತೇನೆ ಅಂದೆಯಲ್ಲ, ದಯವಿಟ್ಟು ಬೇಡ ಕಣೇ.

ನಿನಗೆ ಬಂದಿರುವುದು ಮೋನೋ, ಅಂದರೆ ಮೋನೋನ್ಯೂಕ್ಲಿಯೋಸಿಸ್ ಅನ್ನುವ ವೈರಸ್ ಕಾಯಿಲೆ. ಅದನ್ನು ತರುವ ಎಪ್‌ಸ್ಟೀನ್-ಬಾರ್ ವೈರಸ್ ಹರ್ಪಿಸ್ ಕುಟುಂಬದ್ದು. ಆ ಹೆಸರು ಕೇಳಿ ನಾಚಿಕೆ ಪಡುವಂಥದ್ದು ಏನೂ ಇಲ್ಲ, ಚಿಕನ್‌ಪಾಕ್ಸ್ ವೈರಸ್ಸೂ ಅದೇ ಕುಟುಂಬದ್ದೇ ಅಲ್ವಾ? ದೊಡ್ಡವರಲ್ಲಿ ನೂರಕ್ಕೆ 90ಕ್ಕಿಂತ ಜಾಸ್ತಿ ಜನರ ಮೈಯಲ್ಲಿ ಇದು ಇದೆ. ಚಿಕ್ಕ ವಯಸ್ಸಿನಲ್ಲಿ ಬಂದರೆ ಎಷ್ಟೋ ಸಲ ಗೊತ್ತೇ ಆಗುವುದಿಲ್ಲ, ನಿನ್ನ ವಯಸ್ಸಿನಲ್ಲಿ ಮೊದಲ ಸಲ ತಗುಲಿದರೆ ಹೀಗೆ ಹಾಸಿಗೆ ಹಿಡಿಸುತ್ತದೆ. ಎಂಜಲಿನಿಂದ ಹರಡುತ್ತದೆ, ಅದಕ್ಕೇ ಗೆಳತಿಯರು ಮುತ್ತಿನ ಕಾಯಿಲೆ ಅಂತ ರೇಗಿಸುವುದು. ಆದರೆ ಒಬ್ಬರು ಕಚ್ಚಿ ಕುಡಿದ ಬಾಟಲಿಯಿಂದಲೂ ಬರಬಹುದು. ಮೈಗೆ ಸೇರಿ 4ರಿಂದ 6 ವಾರ ಆದಮೇಲೆ ಕಾಣಿಸಿಕೊಳ್ಳುವ ಕಾಯಿಲೆ, ಯಾರಿಂದ ಬಂತು ಅಂತ ಸುಮ್ನೆ ತಲೆ ಕೆಡಿಸಿಕೊಳ್ಳಬೇಡ.

ನನಗೆ ಭಯ ಇರುವುದು ನಿನ್ನ ಗುಲ್ಮದ ಬಗ್ಗೆ. ಡಾಕ್ಟರು ಸ್ಪ್ಲೀನ್ ಅಂತಾರಲ್ಲ, ಅದೇ. ಮಾಮೂಲಾಗಿ ಎಡಗಡೆ ಪಕ್ಕೆಲುಬಿನ ಮರೆಯಲ್ಲಿ ಇರುತ್ತದೆ. ಮೋನೋ ಬಂದಾಗ ಊದಿಕೊಂಡು ಕೆಳಗೆ ಇಳಿಯುತ್ತದೆ, ಆಗ ಯಾರದೋ ಮೊಣಕೈ ತಾಗಿದರೂ ಒಡೆದು ಹೊಟ್ಟೆಯೊಳಗೆ ರಕ್ತ ಸುರಿಯಬಹುದು. ಅಪರೂಪ, ಆದರೆ ಹಾಗೇನಾದರೂ ಆದರೆ ಪ್ರಾಣಕ್ಕೇ ಕುತ್ತು. ಕಾಯಿಲೆ ಶುರುವಾದಾಗಿನಿಂದ ಕಡಿಮೆ ಅಂದ್ರೂ 3 ವಾರ ಆಟ ಬೇಡ, ಭಾರ ಎತ್ತುವುದೂ ಬೇಡ. ಆಮೇಲೂ ಡಾಕ್ಟರು ಸರಿ ಅಂದ ಮೇಲೆಯೇ. ಎಡ ಹೊಟ್ಟೆಯ ಮೇಲ್ಭಾಗದಲ್ಲೋ ಎಡ ಭುಜದಲ್ಲೋ ಇದ್ದಕ್ಕಿದ್ದಂತೆ ನೋವು ಬಂದರೆ, ತಲೆ ಸುತ್ತಿದರೆ, ನನಗೆ ಫೋನ್ ಮಾಡುವುದಕ್ಕೂ ಕಾಯದೆ ಆಸ್ಪತ್ರೆಗೆ ಹೋಗು.

ಗಂಟಲು ನೋವಿಗೆ ಅಂತ ಯಾರಾದರೂ ಅಮಾಕ್ಸಿಸಿಲಿನ್ ಅನ್ನುವ ಆಂಟಿಬಯೋಟಿಕ್ ಮಾತ್ರೆ ಕೊಟ್ಟರೆ ನುಂಗಬೇಡ. ವೈರಸ್ಸಿಗೆ ಅದು ಏನೂ ಮಾಡುವುದಿಲ್ಲ, ಮೋನೋ ಇದ್ದಾಗ ತಗೊಂಡರೆ ಮೈತುಂಬಾ ಕೆಂಪು ದದ್ದು ಏಳುವ ಸಾಧ್ಯತೆ ಜಾಸ್ತಿ.

ಈ ವೈರಸ್ಸಿಗೂ ಕ್ಯಾನ್ಸರ್‌ಗೂ ನಂಟಿದೆ ಅಂತ ಓದಿ ಹೆದರಿದ್ದೀಯ. 1964ರಲ್ಲಿ ಈ ವೈರಸ್ ಮೊದಲು ಕಣ್ಣಿಗೆ ಬಿದ್ದಿದ್ದೇ ಆಫ್ರಿಕಾದ ಮಕ್ಕಳಿಗೆ ಬರುವ ಬರ್ಕಿಟ್ ಲಿಂಫೋಮಾ ಅನ್ನುವ ಕ್ಯಾನ್ಸರ್ ಗಡ್ಡೆಯ ಕೋಶಗಳಲ್ಲಿ, ಅದು ನಿಜ. ಆದರೆ ಬಹುಪಾಲು ಜನರಲ್ಲಿ ಇದು ಬಿ ಕೋಶ ಅನ್ನುವ ಬಿಳಿ ರಕ್ತಕಣಗಳೊಳಗೆ ಜೀವನಪೂರ್ತಿ ತೆಪ್ಪಗೆ ಇದ್ದುಬಿಡುತ್ತದೆ.

ಸುಸ್ತು ಮಾತ್ರ ಇನ್ನೂ ಕೆಲವು ವಾರ ಕಾಡಬಹುದು. ಅದು ಸೋಮಾರಿತನ ಅಲ್ಲ, ನಿದ್ದೆ ಬಂದರೆ ಮಲಗು. ಕೋಚ್ ಹತ್ತಿರ ಹೇಳುವುದಕ್ಕೆ ಕಷ್ಟ ಆದರೆ ನಾನೇ ಮಾತಾಡುತ್ತೇನೆ. ಡಾಕ್ಟರ್ ಮತ್ತೆ ಯಾವತ್ತು ಬರಕ್ಕೆ ಹೇಳಿದ್ದಾರೆ ಅಂತ ತಿಳಿಸು, ನಾನೂ ಬರುತ್ತೇನೆ.

ನಿನ್ನ ಅಮ್ಮ