ಕಂಡ ಅಳತೆಗೂ ಅಂಕವಿರಲಿ

ಮಾನ್ಯ ಸಂಪಾದಕರೇ,

ಒಂದು ದ್ರಾವಣಕ್ಕೆ ಇನ್ನೊಂದನ್ನು ಅಳೆದು ಸೇರಿಸಿ ಸಾಂದ್ರತೆ ಕಂಡುಹಿಡಿಯುವ ಟೈಟ್ರೇಶನ್ ಪರೀಕ್ಷೆಯಲ್ಲಿ ವಿದ್ಯಾರ್ಥಿಯ ಉತ್ತರ ಪರೀಕ್ಷಕರ ಬಳಿಯಿರುವ ಅಂಕಿಗೆ ಎಷ್ಟು ಹತ್ತಿರವಿದೆ ಎಂಬುದನ್ನಷ್ಟೇ ನೋಡಿ ಅಂಕ ಕೊಡುವ ರೂಢಿಯನ್ನು ಬಿಡಬೇಕೆಂದು, ಹಲವು ವರ್ಷ ಪ್ರಯೋಗಾಲಯದಲ್ಲಿ ಕಲಿಸಿದ ಅನುಭವದಿಂದ ಕೋರುತ್ತೇನೆ.

ಒಮ್ಮೆ ವಿದ್ಯಾರ್ಥಿನಿಯೊಬ್ಬಳಿಗೆ ಮೊದಲ ಸಲ 25.0 ಮಿ.ಲೀ., ನಂತರ ಎರಡು ಸಲವೂ 24.6 ಮಿ.ಲೀ. ಬಂದಿತ್ತು. ಮೊದಲಿನದನ್ನು ಅಳಿಸಿ 24.6 ಎಂದು ತಿದ್ದಲು ಹೊರಟಿದ್ದಳು. ತಡೆದು ವಿಚಾರಿಸಿದಾಗ, ದ್ರಾವಣವನ್ನು ಅಳೆದು ಬಿಡುವ ಗಾಜಿನ ಕೊಳವೆಯಾದ ಬ್ಯೂರೆಟ್ಟಿನ ನಲ್ಲಿಯ ಕೆಳಗಿನ ತುದಿಯಲ್ಲಿದ್ದ ಗಾಳಿಗುಳ್ಳೆ ನಡುವೆ ಹೊರಬಿದ್ದದ್ದನ್ನು ಅವಳು ಕಂಡಿದ್ದಳೆಂದು ತಿಳಿಯಿತು. ಗುಳ್ಳೆಯ ಜಾಗವನ್ನು ತುಂಬಿದ ದ್ರಾವಣ ಫ್ಲಾಸ್ಕಿಗೆ ಬೀಳದಿದ್ದರೂ ಅಳತೆಯಲ್ಲಿ ಸೇರಿಹೋಗಿತ್ತು. ಅದನ್ನು ಒಂದು ಸಾಲಿನಲ್ಲಿ ಬರೆದಿಡಲು ಹೇಳಿದೆ. ಆ ಸಾಲಿಗೆ ಅಂಕಪಟ್ಟಿಯಲ್ಲಿ ಜಾಗವೇ ಇರಲಿಲ್ಲವೆಂಬುದು ನನ್ನನ್ನು ಇಂದಿಗೂ ಕಾಡುತ್ತದೆ.

25 ಮಿ.ಲೀ.ನಷ್ಟು 0.1 ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲಕ್ಕೆ ಅಷ್ಟೇ ಸಾಂದ್ರತೆಯ ಸೋಡಿಯಂ ಹೈಡ್ರಾಕ್ಸೈಡ್ ಸೇರಿಸುತ್ತ ಹೋದರೆ, 24.9 ಮಿ.ಲೀ.ಗೆ ಸುಮಾರು 3.7 ಇದ್ದ ಪಿಎಚ್ (7ಕ್ಕಿಂತ ಕಡಿಮೆಯಿದ್ದರೆ ಆಮ್ಲ, ಹೆಚ್ಚಿದ್ದರೆ ಪ್ರತ್ಯಾಮ್ಲ ಎಂದು ತೋರಿಸುವ ಅಳತೆ), 25.1 ಮಿ.ಲೀ. ಆಗುವಷ್ಟರಲ್ಲಿ 10.3ಕ್ಕೆ ಜಿಗಿಯುತ್ತದೆ. ಇವೆರಡರ ನಡುವೆ ಇರುವುದು ಸುಮಾರು ನಾಲ್ಕೇ ಹನಿ. ಕೊನೆಯಲ್ಲಿ ಹನಿಹನಿಯಾಗಿ ಬಿಡಬೇಕೆಂದು ನಾವು ಹೇಳುವುದು ಇದಕ್ಕಾಗಿ. ಈ ಕಾರಣವನ್ನು ಹೇಳದೆ ನಿಯಮವನ್ನಷ್ಟೇ ಬಾಯಿಪಾಠ ಮಾಡಿಸುತ್ತಿದ್ದೇವೆ. ಅಸಿಟಿಕ್ ಆಮ್ಲವಾದರೆ ಜಿಗಿತ ಕಿರಿದಾಗಿ ಪ್ರತ್ಯಾಮ್ಲದ ಕಡೆಗೆ ಸರಿಯುವುದರಿಂದ, ಪಿಎಚ್ 3.1ರಿಂದ 4.4ರೊಳಗೆ ಬಣ್ಣ ಬದಲಿಸುವ ಸೂಚಕ ಮೀಥೈಲ್ ಆರೆಂಜ್ ಕೆಲಸಕ್ಕೆ ಬಾರದು, ಪ್ರತ್ಯಾಮ್ಲದ ಕಡೆ ಬಣ್ಣ ಬದಲಿಸುವ ಫಿನಾಲ್ಫ್ತಲೀನ್ ಬೇಕು. ಪಿಎಚ್ ಮೀಟರ್ ಬಳಸುವಲ್ಲಿಯೂ, ಪಿಎಚ್ ಗೊತ್ತಿರುವ, ಅದು ಸುಲಭವಾಗಿ ಬದಲಾಗದ ಎರಡು ಬಫರ್ ದ್ರಾವಣಗಳಲ್ಲಿ ಅದನ್ನು ಸರಿಹೊಂದಿಸದೆ ಓದಿದ ಅಂಕಿಯನ್ನು ನಂಬುವಂತಿಲ್ಲ.

ಕ್ರಿಯೆಯ ವೇಗದ ಪ್ರಯೋಗದಲ್ಲಿಯೂ ಇದೇ ಕಥೆ. ಥಯೋಸಲ್ಫೇಟ್ ದ್ರಾವಣಕ್ಕೆ ಆಮ್ಲ ಬೆರೆಸಿದಾಗ ಗಂಧಕದಿಂದ ದ್ರವ ಮಸುಕಾಗಿ, ಫ್ಲಾಸ್ಕಿನ ಕೆಳಗಿನ ಕಾಗದದ ಗುರುತು ಮರೆಯಾಗುವ ಕ್ಷಣವನ್ನು ಹಿಡಿಯುವುದು ಕಣ್ಣು. ಆದ್ದರಿಂದ ಎಲ್ಲ ಸಲವೂ ಒಬ್ಬರೇ, ಅದೇ ಫ್ಲಾಸ್ಕಿನಲ್ಲಿ, ಒಟ್ಟು ಪ್ರಮಾಣ ಬದಲಿಸದೆ ನೋಡಬೇಕು. ಉಷ್ಣಾಂಶ 10 ಡಿಗ್ರಿ ಏರಿದರೆ ಅನೇಕ ಕ್ರಿಯೆಗಳ ವೇಗ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆಂದು ಬರೆಯುವ ವಿದ್ಯಾರ್ಥಿಯೇ ಥರ್ಮಾಮೀಟರ್ ಅದ್ದದೆ 'ಕೊಠಡಿಯ ಉಷ್ಣಾಂಶ' ಎಂದು ತುಂಬಿಬಿಡುತ್ತಾನೆ.

ಎಲ್ಲ ಅಳತೆಗಳನ್ನೂ ಪೆನ್ನಿನಲ್ಲೇ ಬರೆಸಿ, ಬಿಟ್ಟ ಅಳತೆಯನ್ನು ಒಂದೇ ಗೆರೆ ಎಳೆದು ಕಾರಣ ಸಹಿತ ಉಳಿಸಿಕೊಳ್ಳುವಂತೆ ಮಾಡಿ, ಆ ಕಾರಣಕ್ಕೂ ಅಂಕ ನಿಗದಿಪಡಿಸಬೇಕೆಂದು ಪರೀಕ್ಷೆ ನಡೆಸುವವರಲ್ಲಿ ವಿನಂತಿಸುತ್ತೇನೆ.

ಇಂತಿ,
ಒಬ್ಬ ರಸಾಯನಶಾಸ್ತ್ರ ಉಪನ್ಯಾಸಕ