ಕೊಟ್ಟಾರ ಚೌಕಿಯಲ್ಲಿ ಅಮ್ಮನ ಕೈ ಹಿಡಿದ ಅಣ್ಣನಿಗೆ

ಅಣ್ಣಾ, ಹೆಸರು ಕೇಳುವಷ್ಟರಲ್ಲಿ ನೀವು ಕಸ ತೆಗೆಯಲು ಮತ್ತೆ ಮಳೆನೀರಿನ ತೋಡಿಗೆ ಇಳಿದಾಗಿತ್ತು. ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ಆವತ್ತಿನ ಮಳೆಗೆ ಮಂಗಳೂರಿನ ಕೊಟ್ಟಾರ ಚೌಕಿ ಎಂದಿನಂತೆ ಮುಳುಗಿತ್ತು. ನೀರಿನ ಮಧ್ಯೆ ರಿಕ್ಷಾ ನಿಂತುಹೋಗಿ ಅಮ್ಮ ಗಾಬರಿಯಾಗಿದ್ದರು. "ಹೆದರಬ್ಯಾಡ್ರಿ ಅಮ್ಮಾ, ನನ್ನ ಕೈ ಹಿಡ್ಕೊಳ್ರಿ" ಎಂದು ನೀವು ಮುಂದೆ ಕಾಲಿಟ್ಟು ಗುಂಡಿ ನೋಡುತ್ತಾ ಅವರನ್ನು ದಾಟಿಸಿದಿರಿ. ಅಮ್ಮನಿಗೆ ತುಳು ಬಿಟ್ಟರೆ ಕನ್ನಡ ಅಷ್ಟಕ್ಕಷ್ಟೇ. ಆದರೂ ನಿಮ್ಮಿಬ್ಬರ ಮಾತು ಎಲ್ಲಿಯೂ ನಿಲ್ಲಲಿಲ್ಲ!

ತೋಡಿನಿಂದ ನೀವು ಎಳೆದು ಹಾಕಿದ್ದು ಹಾಲಿನ ತೊಟ್ಟೆ, ಥರ್ಮಾಕೋಲ್, ಮಕ್ಕಳ ಡೈಪರ್. ಎಲ್ಲವೂ ನಮ್ಮಂಥವರ ಮನೆಯದೇ. ಘನತ್ಯಾಜ್ಯ ನಿರ್ವಹಣೆಯ 2016ರ ನಿಯಮಗಳು ಕಸ ಮುಟ್ಟುವ ಕೆಲಸಗಾರರಿಗೆ ಕೈಗವಸು, ರೈನ್‌ಕೋಟ್, ತಕ್ಕ ಪಾದರಕ್ಷೆ ಕೊಡಬೇಕೆಂದೇ ಹೇಳಿದ್ದವು. ನಿಮ್ಮ ಕೈ ಬರಿಗೈ. 2019ರ ಆಗಸ್ಟ್‌ನಲ್ಲಿ ನಗರದ ಕಸ ಸುರಿಯುವ ಪಚ್ಚನಾಡಿಯ ರಾಶಿ ಜಾರಿ ಪಕ್ಕದ ಮಂದಾರದ ಮನೆ, ತೋಟಗಳ ಮೇಲೆ ಬಿದ್ದದ್ದನ್ನು ಈ ಊರು ನೋಡಿದೆ. ನಾವು ಎಸೆದದ್ದು ಯಾರದೋ ಅಂಗಳಕ್ಕೇ ಹೋಗಿ ಸೇರುತ್ತದೆ. ಅದನ್ನು ಎತ್ತುವವರನ್ನು ಮಾತ್ರ ಎಷ್ಟು ವರ್ಷವಾದರೂ "ಘಟ್ಟದವರು", ಅಂದರೆ ಘಟ್ಟದಾಚೆಯಿಂದ ಬಂದವರು, ಎಂದೇ ಕರೆಯುತ್ತೇವೆ. ನನಗಂತೂ ಆವತ್ತು ಅಲ್ಲಿದ್ದವರಲ್ಲಿ ಮಂಗಳೂರಿನವರು ಅನ್ನಿಸಿದ್ದು ನೀವೇ.

ಚಹಾಕ್ಕೆಂದು ಕೊಟ್ಟ ದುಡ್ಡು ನೀವು ಮುಟ್ಟಲಿಲ್ಲ. "ಒಡೆದ ಗಾಜು ಪೇಪರಿನ್ಯಾಗ ಸುತ್ತಿ ಬ್ಯಾರೆ ಕೊಡ್ರಿ, ಅಷ್ಟ ಸಾಕು" ಎಂದಿರಿ. ನಮ್ಮ ಫ್ಲ್ಯಾಟಿನ ಸಭೆಯಲ್ಲಿ ಇದನ್ನು ಹೇಳಿದ್ದೇನೆ. ಹೆಚ್ಚಿನವರು ಒಪ್ಪಿದ್ದಾರೆ, ಮೂರನೇ ಮಾಳಿಗೆಯವರೊಬ್ಬರು ಇನ್ನೂ ಗೊಣಗುತ್ತಿದ್ದಾರೆ.