ಕಲೆ ತೆಗೀತೀವಿ ಅಂತ ಬಂದು ಉಣ್ಣೆ ಕಾರ್ಪೆಟ್ ಹಾಳು ಮಾಡಿರೋ ಬಗ್ಗೆ ದೂರು

ಮ್ಯಾನೇಜರ್ ಅವರಿಗೆ,

ನಮಸ್ಕಾರ ಸರ್. ಹೋದ ಗುರುವಾರ ತುಮಕೂರು ಎಸ್‌ಐಟಿ ಬಡಾವಣೇಲಿರೋ ನಮ್ಮನೆಗೆ ನಿಮ್ಮ ಹುಡುಗ್ರಿಬ್ರು ಬಂದು ಹಾಲ್‌ನಲ್ಲಿದ್ದ ಕಾರ್ಪೆಟ್ ಕ್ಲೀನ್ ಮಾಡಿ 1,900 ರೂಪಾಯಿ ತಗೊಂಡು ಹೋದ್ರು. ಅವತ್ತಿಂದ ಐದು ಸಲ ಫೋನ್ ಮಾಡಿದೀನಿ, ಐದು ಸಲಾನೂ "ಹಳೇ ಕಲೆ ಮೇಡಂ, ಅದು ಹಂಗೇ" ಅನ್ನೋ ಒಂದೇ ಉತ್ತರ, ಅದಕ್ಕೇ ಈಗ ಬರೆದು ಕೊಡ್ತಿದೀನಿ. ಕಲೆ ಹೋಗ್ಲಿಲ್ಲ ಅನ್ನೋದು ನನ್ನ ದೂರಲ್ಲ. ಹೋಗ್ದಿದ್ರೂ ನಾನು ಸುಮ್ನಿರ್ತಿದ್ದೆ. ಚೆನ್ನಾಗಿದ್ದ ಉಣ್ಣೆ ಹಾಳಾಗಿದೆ, ನನ್ನ ದೂರು ಅದು.

ಇದು ನಮ್ಮಪ್ಪ ರಿಟೈರ್ ಆದ್ಮೇಲೆ ಕಾಶಿ ಯಾತ್ರೆಗೆ ಹೋದಾಗ ಅಲ್ಲೇ ಹತ್ರದ ಭದೋಹಿ ಕಾರ್ಪೆಟ್ ಅಂತ ಆಸೆಪಟ್ಟು ತಂದಿದ್ದು, 6 ಅಡಿ 9 ಅಡಿ, ಕೈಯಲ್ಲಿ ಗಂಟು ಹಾಕಿ ನೇಯ್ದಿರೋ ಉಣ್ಣೆ. ಎರಡು ಕಲೆ ಇದ್ವು. ಒಂದು ಅಪ್ಪನ ಕಾಫಿದು. ಇನ್ನೊಂದು ಹುಳಿದು, ಎರಡು ವರ್ಷದ ಹಿಂದೆ ಸಿದ್ಧಗಂಗೆ ಜಾತ್ರೆಗೆ ಅಂತ ನೆಂಟ್ರು ಬಂದಿದ್ದಾಗ ಮಗು ಬಟ್ಟಲು ಬೀಳಿಸಿ ಆಗಿದ್ದು, ಅಂಗೈಯಷ್ಟಗಲ ಹಳದಿ. ಬುಕ್ ಮಾಡೋವಾಗ್ಲೇ ಇದನ್ನೆಲ್ಲಾ ಫೋನಲ್ಲಿ ಹೇಳಿದ್ದೆ, ಹುಡುಗ್ರು ಬಾಗಿಲಿಗೆ ಬಂದಾಗ ಮತ್ತೆ ಹೇಳಿದೆ, ಉಣ್ಣೆ ಕಣಪ್ಪ, ಬಿಸಿನೀರು ಬೇಡ, ಮೊದಲು ಸೋಫಾ ಕೆಳಗಿನ ಮೂಲೇಲಿ ಒಂಚೂರು ಹಚ್ಚಿ ನೋಡು ಅಂತ. "ಎಲ್ಲಾ ಕಾರ್ಪೆಟ್‌ಗೂ ಇದೇ ಹಾಕೋದು ಮೇಡಂ" ಅಂದ. ನಾನು ಹೇಳಿದ್ದು ನಂಬಿಕೆ ಬರ್ಲಿಲ್ಲ ಅಂದ್ರೆ ಅಂಚಿಂದ ಒಂದೆಳೆ ಕಿತ್ತು ಸುಟ್ಟು ನೋಡ್ಬೋದಿತ್ತು, ಉಣ್ಣೆ ಆದ್ರೆ ಕೂದಲು ಸುಟ್ಟ ವಾಸನೆ ಬರುತ್ತೆ.

ನೊರೆ ಸುರಿದು ಎರಡು ನಿಮಿಷ ಆಗಿಲ್ಲ, ಹಳದಿ ಇದ್ದ ಜಾಗ ಕೆಂಪಗಾಯ್ತು. ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ಅಮ್ಮ "ಅಯ್ಯೋ, ಓಕುಳಿ ಆಯ್ತಲ್ಲೇ" ಅಂದ್ರು. ಆರತಿ ತಟ್ಟೇಲಿ ಅರಿಶಿನದ ನೀರಿಗೆ ಸುಣ್ಣ ಹಾಕಿದ್ರೆ ಕೆಂಪಾಗುತ್ತಲ್ಲ ಸರ್, ಅದೇ ಇದು. ಸುಣ್ಣದ ಥರಾನೇ ನಿಮ್ಮ ನೊರೇಲೂ ಕ್ಷಾರ ಇದೆ, ಅರಿಶಿನಕ್ಕೆ ಕ್ಷಾರ ತಾಗಿದ್ರೆ ಬಣ್ಣ ತಿರುಗುತ್ತೆ. ಅಪ್ಪನ ಬಿಳಿ ಪಂಚೆ ಮೇಲೆ ಹುಳಿ ಬಿದ್ದಾಗ ಸೋಪು ಹಚ್ಚಿದ್ರೂ ಹಿಂಗೇ ಕೆಂಪಾಗುತ್ತೆ, ಅಮ್ಮ ಗಾಬರಿ ಬೀಳಲ್ಲ, ಚೆನ್ನಾಗಿ ಜಾಲಿಸಿ ಬಿಸಿಲಿಗೆ ಹಾಕ್ತಾರೆ, ಎರಡು ಮೂರು ಬಿಸಿಲಿಗೆ ಅರಿಶಿನ ತಾನೇ ಮಾಸುತ್ತೆ. ಇಲ್ಲೂ ಅಷ್ಟೇ ಮಾಡ್ಬೇಕಿತ್ತು. ತಣ್ಣೀರಲ್ಲಿ ನೊರೆ ತೆಗೆದು, ಒಂಚೂರು ವಿನೆಗರ್ ನೀರಲ್ಲಿ ಬೆರೆಸಿ ಒತ್ತಿದ್ದಿದ್ರೆ ಕೆಂಪು ವಾಪಸ್ ಹಳದಿ ಆಗ್ತಿತ್ತು, ಆಮೇಲೆ ಬಿಸಿಲಿದೆಯಲ್ಲ.

ಆದ್ರೆ ಆ ಹುಡುಗ ಹೆದರ್ಕೊಂಡ. ಬ್ಯಾಗಿಂದ ಇನ್ನೊಂದು ಬಾಟಲಿ ತೆಗೆದು ಸುರಿದ, ವಾಸನೆ ಬಂದ್ಮೇಲೇ ನಮಗೆ ಬ್ಲೀಚ್ ಅಂತ ಗೊತ್ತಾಗಿದ್ದು, ಬೇಡ ಬೇಡ ಅನ್ನೋಷ್ಟರಲ್ಲಿ ಬಟ್ಟೆ ಒಗೆಯೋ ಬ್ರಷ್ ತಗೊಂಡು ಗಸಗಸ ಉಜ್ಜಿಬಿಟ್ಟ. ಕ್ಲೋರಿನ್ ಬ್ಲೀಚ್ ಉಣ್ಣೇನ ತಿಂದುಹಾಕುತ್ತೆ ಸರ್, ಹತ್ತಿ ಬಟ್ಟೆ ಬಿಳುಪಾಗೋ ಥರ ಉಣ್ಣೆ ಬಿಳುಪಾಗಲ್ಲ, ಹಳದಿ ತಿರುಗಿ ಒರಟಾಗಿ ಕರಗಿ ಹೋಗುತ್ತೆ. ಈಗ ಆ ಜಾಗದಲ್ಲಿ ಬೆರಳಾಡಿಸಿದ್ರೆ ಎಳೆ ಪುಡಿಪುಡಿಯಾಗಿ ಕೈಗೆ ಬರುತ್ತೆ, ಅಡೀಲಿರೋ ಹತ್ತಿ ದಾರ ಕಾಣ್ತಿದೆ. ಕಾಫಿ ಕಲೇನೂ ತಿಳಿ ಕಂದು ಇದ್ದಿದ್ದು ಗಾಢ ಆಗಿದೆ, ಅದಕ್ಕೂ ಅದೇ ನೊರೆ ಕಾರಣ.

ಇಷ್ಟು ಮಾಡಿ ತೊಟತೊಟ ತೊಟ್ಟಿಕ್ಕೋ ಕಾರ್ಪೆಟ್ ಬಿಟ್ಟು "ಫ್ಯಾನ್ ಹಾಕಿ, ಒಣಗುತ್ತೆ" ಅಂತ ಹೊರಟುಹೋದ್ರು. ನೀರು ಎಳೆಯೋ ಮಷಿನ್ ಗಾಡೀಲೇ ಇತ್ತಂತೆ, ಒಳಗೆ ತರ್ಲೇ ಇಲ್ಲ. ಮೋಡ ಮುಚ್ಕೊಂಡು ಜಡಿಮಳೆ ಹಿಡಿದಿರೋ ಈ ದಿನಗಳಲ್ಲಿ ನಾನು, ನನ್ನ ತಮ್ಮ ಸೇರಿ ಮಹಡಿಗೆ ಹೊತ್ತು, ಮಳೆ ಬಂದಾಗ ಮತ್ತೆ ಇಳಿಸಿ, ಮೂರು ದಿನ ಒದ್ದಾಡಿದ್ವಿ. ಮುಗ್ಗಲು ವಾಸನೆ ಇನ್ನೂ ಹೋಗಿಲ್ಲ, ಅಂಚಿಗೆ ಕಂದು ಗೆರೆ ಬೇರೆ ಬಂದಿದೆ. ಅಪ್ಪ ದಿನಾ ಬೆಳಿಗ್ಗೆ ಅದರ ಮೇಲೆ ಕಾಲು ಚಾಚಿ ಪೇಪರ್ ಓದೋರು, ಈಗ ಏನೂ ಮಾತಾಡ್ದೆ ಕುರ್ಚಿ ಎತ್ಕೊಂಡು ಹೋಗಿ ವರಾಂಡದಲ್ಲಿ ಕೂರ್ತಾರೆ. ನಂಗೆ ಹೊಟ್ಟೆ ಉರಿಯೋದು ಅದಕ್ಕೇನೇ.

1,900 ರೂಪಾಯಿ ಪೂರ್ತಿ ವಾಪಸ್ ಹಾಕಿ. ಕೈ ನೇಯ್ಗೆ ಕಾರ್ಪೆಟ್ ರಿಪೇರಿ ಮಾಡೋರ ಹತ್ರ ತೋರಿಸಿ, ಹೋದ ಜಾಗಕ್ಕೆ ಅದೇ ಬಣ್ಣದ ಉಣ್ಣೆ ಹಾಕಿಸೋ ಖರ್ಚು ಕೊಡಿ. ಹುಡುಗ್ರ ಸಂಬಳ ಹಿಡೀಬೇಡಿ ದಯವಿಟ್ಟು, ಇಬ್ರೂ ಚಿಕ್ಕವರು, ಯಾವ ಬಟ್ಟೆಗೆ ಯಾವುದು ಹಾಕ್ಬೇಕು ಅಂತ ಅವರಿಗೆ ಯಾರೂ ಹೇಳ್ಕೊಟ್ಟಿಲ್ಲ, ಹೇಳ್ಕೊಡ್ಬೇಕಾಗಿದ್ದು ನೀವು. ಮುಂಚಿನ ಫೋಟೋ, ಈಗಿನ ಫೋಟೋ, ದುಡ್ಡು ಹಾಕಿದ ರಸೀದಿ, "ಹಳೇ ಕಲೆ ಗ್ಯಾರಂಟಿ ತೆಗೀತೀವಿ" ಅಂತ ನೀವು ಕಳ್ಸಿದ್ದ ಮೆಸೇಜು, ಎಲ್ಲಾ ಇಟ್ಕೊಂಡಿದೀನಿ. 15 ದಿನದಲ್ಲಿ ಉತ್ತರ ಬರ್ಲಿಲ್ಲ ಅಂದ್ರೆ 1915 ಗ್ರಾಹಕ ಸಹಾಯವಾಣಿಗೆ ದೂರು ಕೊಡ್ತೀನಿ, ಅಲ್ಲೂ ಆಗ್ಲಿಲ್ಲ ಅಂದ್ರೆ 2019ರ ಗ್ರಾಹಕರ ಸಂರಕ್ಷಣಾ ಕಾಯ್ದೆ ಪ್ರಕಾರ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗ್ತೀನಿ, ಇಷ್ಟು ಚಿಕ್ಕ ಮೊತ್ತಕ್ಕೆ ಅಲ್ಲಿ ಫೀಸೂ ಇಲ್ಲ.

ಯಾರಾದ್ರೂ ತಿಳಿದೋರನ್ನ ಕಳಿಸಿ ನೋಡಿಸಿ. ಭಾನುವಾರ ಬೆಳಿಗ್ಗೆ ಮನೇಲೇ ಇರ್ತೀವಿ.

ಇಂತಿ,
ನಿಮ್ಮ ಗ್ರಾಹಕಿ, ತುಮಕೂರು